ಪದಪಟ್ಟಿ ಬದಿಗಿಟ್ಟು ಪ್ಯಾರಾ ಓದೋಣ

ಸಿಇಟಿ ರ‍್ಯಾಂಕ್‌ಗೆ ಇಂಗ್ಲಿಷ್ ಅಂಕ ಲೆಕ್ಕಕ್ಕಿಲ್ಲ. ಹೀಗಾಗಿ ಪಿಯುಸಿಯಲ್ಲಿ ಅದು ಪಾಸಾದರೆ ಸಾಕು ಎಂದುಕೊಂಡು ಚಳ್ಳಕೆರೆ, ಮೊಳಕಾಲ್ಮುರು ಕಡೆಯಿಂದ ಎಂಜಿನಿಯರಿಂಗ್‌ಗೆ ಬಂದವರು ನಮ್ಮಲ್ಲಿ ಅನೇಕರು. ಆದರೆ ಬಿಇ ಮುಗಿಯುವ ಹೊತ್ತಿಗೆ ಅದೇ ಇಂಗ್ಲಿಷ್ ಎದುರಿಗೆ ಬಂದು ನಿಲ್ಲುತ್ತದೆ. ಎಂ.ಟೆಕ್ ಪ್ರವೇಶದ ಗೇಟ್ ಪರೀಕ್ಷೆಯ 100 ಅಂಕಗಳಲ್ಲಿ 15 ಸಾಮಾನ್ಯ ಸಾಮರ್ಥ್ಯಕ್ಕೆ. ಅದರಲ್ಲಿ ಭಾಷೆಗೂ ಪಾಲಿದೆ. ಎಂಬಿಎ ಪ್ರವೇಶದ ಕ್ಯಾಟ್‌ನಲ್ಲಂತೂ ಭಾಷೆಗೆಂದೇ 40 ನಿಮಿಷಗಳ ಪ್ರತ್ಯೇಕ ವಿಭಾಗ.

ಆಗ ನಾವು ಮಾಡುವುದೇನು? ಮೊಬೈಲ್‌ಗೆ ಸಾವಿರ ಪದಗಳ ಪಟ್ಟಿ ಇಳಿಸಿಕೊಂಡು ಉರು ಹೊಡೆಯುವುದು. ಬಿಇ ಪಾಠಗಳನ್ನೆಲ್ಲ ಇಂಗ್ಲಿಷ್‌ನಲ್ಲೇ ಓದುವವರಿಗೆ ಪದಗಳ ಕೊರತೆ ಅಷ್ಟಿಲ್ಲ. ಎಡವುವುದು ‘ಲೇಖಕರ ನಿಲುವೇನು? ಈ ಮಾತಿನಿಂದ ಯಾವ ತೀರ್ಮಾನಕ್ಕೆ ಬರಬಹುದು?’ ಎಂಬ ಪ್ರಶ್ನೆಗಳಲ್ಲಿ. ನಮ್ಮ ಪಠ್ಯಪುಸ್ತಕಗಳು ಸೂತ್ರ ಹೇಳುತ್ತವೆ, ವಾದ ಮಾಡುವುದಿಲ್ಲ. ರೇಷ್ಮೆ ಎಳೆ ಗುರುತಿಸಬಲ್ಲವರೆಲ್ಲ ಮೊಳಕಾಲ್ಮುರು ಸೀರೆ ನೇಯಲಾರರು.

ವಾದದ ಎಳೆ ಹಿಡಿಯುವುದನ್ನು ಕನ್ನಡದಲ್ಲೇ ಕಲಿಯಬಹುದು. ದಿನಕ್ಕೊಂದು ಸಂಪಾದಕೀಯ ಓದಿ, ಸಾರವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಬರೆದವರು ಹೇಳಿದ್ದೆಷ್ಟು, ನಾವು ಸೇರಿಸಿಕೊಂಡಿದ್ದೆಷ್ಟು ಎಂದು ಬೇರ್ಪಡಿಸಿ. ಬಳಿಕ ಇಂಗ್ಲಿಷ್ ಪತ್ರಿಕೆಯಲ್ಲೂ ಅದನ್ನೇ ಮಾಡಿ. ಇದಕ್ಕೆ ಗ್ರಂಥಾಲಯ ಸಾಕು, ಕೋಚಿಂಗ್ ಶುಲ್ಕ ಬೇಕಿಲ್ಲ. ಕೊನೆಯ ಸೆಮಿಸ್ಟರ್‌ವರೆಗೆ ಕಾಯುವುದೂ ಬೇಡ.

ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ನಮ್ಮ ಕುದಾಪುರದಲ್ಲೇ ಇದೆ. ಆ ಸಂಸ್ಥೆಯ ಎಂ.ಟೆಕ್ ಸೀಟಿಗೆ ಗೇಟ್ ಅಂಕವೇ ದಾರಿ. ಬಸ್ಸಿನ ಕಿಟಕಿಯಿಂದ ಅದರ ಕಾಂಪೌಂಡ್ ನೋಡುತ್ತಾ ಬೆಳೆದವರು ಒಳಗೂ ಓದುವಂತಾಗಲಿ.