ಹಳೆಯ ಗೆಳೆಯರು, ಒಂದು ವ್ಯಾನು, ನಾಲ್ಕು ತಾಲ್ಲೂಕು

ರಜೆ ಬಂತೆಂದರೆ ಮಕ್ಕಳ ಬಾಯಲ್ಲಿ ಊಟಿ, ಮೈಸೂರುಗಳದೇ ಜಪ. ಅಪ್ಪ ಲಾಡ್ಜಿನ ಬಾಡಿಗೆ ಲೆಕ್ಕ ಹಾಕುತ್ತಾನೆ, ಅಮ್ಮ ಚಕ್ಕುಲಿ, ನಿಪ್ಪಟ್ಟು ಡಬ್ಬಿಗೆ ತುಂಬುತ್ತಾಳೆ. ಮೂರು ದಿನ ಸುತ್ತಿ ಬಂದ ಮೇಲೆ ‘ಏನು ನೋಡಿದಿರೋ?’ ಎಂದು ಕೇಳಿದರೆ ಮಕ್ಕಳಿಗೆ ನೆನಪಿರುವುದು ಐಸ್‌ಕ್ರೀಂ ಮಾತ್ರ!

ಇಂಗ್ಲೆಂಡಿನಲ್ಲಿ ವ್ಯಾನಿನೊಳಗೇ ಒಲೆ, ಹಾಸಿಗೆ ಹೊಂದಿಸಿಕೊಂಡು ಹಳ್ಳಿಗಾಡಿನ ಸಣ್ಣ ರಸ್ತೆಗಳಲ್ಲಿ ಅಲೆಯುತ್ತ, ದಾರಿಯಲ್ಲಿ ಹಳೆಯ ಸ್ನೇಹಿತರನ್ನು ಕಂಡು ಮುಂದೆ ಸಾಗುವ ಕುಟುಂಬಗಳುಂಟು. ಚಿತ್ರದುರ್ಗದ ಕಡೆ ಓದಿ ಬೆಂಗಳೂರು ಸೇರಿದವರಿಗೂ ಇದು ಆಗದ ಕೆಲಸವೇನಲ್ಲ. ವ್ಯಾನಿನಲ್ಲಿ ಒಲೆಯ ಅಗತ್ಯವೂ ಇಲ್ಲ. ಉಣ್ಣದೆ ಎದ್ದು ಹೋಗಲು ಇಲ್ಲಿನ ಗೆಳೆಯರು ಬಿಡುವುದಿಲ್ಲ. ಬಾಡಿಗೆಗೆ ಒಂದು ವ್ಯಾನು, ಹೈಸ್ಕೂಲಿನ ಗ್ರೂಪ್ ಫೋಟೋ, ಎರಡು ದಿನದ ಬಿಡುವು ಇದ್ದರೆ ಸಾಕು. ದುರ್ಗದಿಂದ ಹೊರಟು ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸುತ್ತಿ ಮತ್ತೆ ದುರ್ಗ ಸೇರಲು ಸುಮಾರು 160 ಕಿ.ಮೀ. ದಾರಿ.

ದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿಯನ್ನು ಮಕ್ಕಳು ತಾವಾಗಿಯೇ ಹುಡುಕಿಕೊಳ್ಳುತ್ತಾರೆ. ಊರಲ್ಲೇ ಉಳಿದ ಗೆಳೆಯ ಜೊತೆಗಿದ್ದರೆ ನೀರಿನ ಕಥೆಯೂ ಸಿಗುತ್ತದೆ. ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ, ಅಕ್ಕ-ತಂಗಿಯರ ಹೊಂಡಕ್ಕೆ ಇಳಿದು, ಕೊನೆಗೆ ಊರೊಳಗಿನ ಹೊಂಡಗಳಿಗೆ ಬರುವಂತೆ ಹಿಂದಿನವರು ಮಾಡಿದ ಏರ್ಪಾಡು ಅದು. ಪಕ್ಕದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ 4ನೇ ಶತಮಾನದ ಶಾಸನವಿದೆ. ಅಲ್ಲಿರುವುದೂ ಕೆರೆಯ ಮಾತೇ!

ಹೊಳಲ್ಕೆರೆಯಲ್ಲಿ ಬಯಲು ಗಣಪತಿಗೆ ಕೈಮುಗಿದು, ಮಂಡಕ್ಕಿ-ಮೆಣಸಿನಕಾಯಿ ತಿಂದು, ಗೆಳೆಯನ ಅಡಿಕೆ ತೋಟಕ್ಕೆ ಹೋಗಬಹುದು. ಬರದ ವರ್ಷ ಟ್ಯಾಂಕರ್ ನೀರು ಹೊಯ್ದು ತೋಟ ಉಳಿಸಿಕೊಂಡವರು ಈ ಸೀಮೆಯಲ್ಲಿ ಬಹಳ ಮಂದಿ. ಅವರ ಮನೆಯಲ್ಲಿ ಚೊಂಬು ನೀರು ಕೊಟ್ಟರೆ ಅರ್ಧ ಕುಡಿದು ಚೆಲ್ಲಬಾರದೆಂದು ಮಕ್ಕಳಿಗೆ ಮೊದಲೇ ಹೇಳಿರಬೇಕು.

ಈ ಪ್ರವಾಸದ ತಿರುಳು ಇರುವುದು ಹೊಸದುರ್ಗ ಮತ್ತು ಹಿರಿಯೂರುಗಳ ನಡುವೆ. ವೇದಾವತಿ ಹೊಸದುರ್ಗ ತಾಲ್ಲೂಕನ್ನು ಹಾದು ಮಾರಿಕಣಿವೆಗೆ ಬರುತ್ತಾಳೆ. ಎರಡು ಗುಡ್ಡಗಳ ನಡುವೆ 1898ರಲ್ಲಿ ಕೆಲಸ ಆರಂಭಿಸಿ 1907ರಲ್ಲಿ ಮುಗಿಸಿದ ಅಣೆಕಟ್ಟೆ ವಾಣಿವಿಲಾಸ ಸಾಗರ. ಆಗ ಮೈಸೂರಿನ ಆಡಳಿತ ನೋಡುತ್ತಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಅದಕ್ಕೆ. ನೀರು 130 ಅಡಿಗೆ ಮುಟ್ಟಿದರೆ ಹೆಚ್ಚಾದದ್ದು ಕೋಡಿಯಲ್ಲಿ ತಾನಾಗಿ ಹರಿದುಹೋಗುತ್ತದೆ. ಹಾಗೆ ಕೋಡಿ ಬಿದ್ದದ್ದು 1933ರಲ್ಲಿ. ಆಮೇಲೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ! ನಡುವೆ 89 ವರ್ಷ. ಹಿರಿಯೂರಿನ ಜನ ಬಂಡಿ, ಬಸ್ಸು, ಟ್ರ್ಯಾಕ್ಟರುಗಳಲ್ಲಿ ನೋಡಲು ನೆರೆದದ್ದು ಸುಮ್ಮನಲ್ಲ. ಅದಕ್ಕೆ ಕೆಲವೇ ವರ್ಷ ಹಿಂದೆ ಸಾಗರ ತಳಮುಟ್ಟಿ, ಅವರ ತೆಂಗಿನ ತೋಟಗಳು ಒಣಗಿ ನಿಂತಿದ್ದವು. 2025ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಬಿತ್ತು. ಮಳೆಯ ಜೊತೆಗೆ, ಎತ್ತಿ ಹರಿಸಿದ ಭದ್ರೆಯ ನೀರೂ ಇದಕ್ಕೆ ಕಾರಣ.

ಅದೇ ನೀರು ಹೊಸದುರ್ಗದ ಗೆಳೆಯನ ಬಾಯಲ್ಲಿ ಬೇರೆ ಕಥೆ. ಸಾಗರ ತುಂಬಿದರೆ ಹಿನ್ನೀರು ಅವನ ಕಡೆಯ ಹಳ್ಳಿಗಳ ಹೊಲ, ತೋಟಗಳಿಗೆ ನುಗ್ಗುತ್ತದೆ. ‘ಪೂರ್ತಿ ತುಂಬಿಸಬೇಡಿ’ ಎಂಬುದು ಆ ಹಳ್ಳಿಗಳ ರೈತರ ಕೂಗು. ‘ತುಂಬಿದರೇ ನಮಗೆ ಅನ್ನ’ ಎಂಬುದು ಹಿರಿಯೂರಿನವರ ಮಾತು. ಎಸ್ಸೆಸ್ಸೆಲ್ಸಿಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು ಈಗ ಒಂದೇ ನೀರಿನ ಎರಡು ತುದಿಯಲ್ಲಿದ್ದಾರೆ ಎಂದಿಟ್ಟುಕೊಳ್ಳಿ. ಹೊಸದುರ್ಗದವನನ್ನೂ ವ್ಯಾನಿಗೆ ಹತ್ತಿಸಿಕೊಂಡು ಹಿರಿಯೂರಿನವನ ಮನೆಗೆ ಹೋದರೆ, ಮುದ್ದೆ ತಣ್ಣಗಾಗುವ ತನಕ ಜಗಳ ನಡೆದೀತು. ನಡೆಯಲಿ ಬಿಡಿ. ‘ಏ, ನಿನ್ನ ತೋಟ ಒಣಗಿದಾಗ ನಾನೇ ಬಂದಿರಲಿಲ್ಲವೇನೋ?’ ಎಂಬ ಮಾತೂ ಆ ಜಗಳದಲ್ಲೇ ಬಂದೀತು. ಭೂಗೋಳದ ಪುಸ್ತಕದಲ್ಲಿ ಅಣೆಕಟ್ಟೆಯ ಎತ್ತರ ಇರುತ್ತದೆ, ನೀರಿನ ಪ್ರಮಾಣ ಇರುತ್ತದೆ. ಈ ಜಗಳ ಇರುವುದಿಲ್ಲ. ಪಕ್ಕದಲ್ಲಿ ಕೂತು ಕೇಳುವ ಹುಡುಗಿಗೆ ಯಾರು ಸರಿ ಎಂಬ ಪ್ರಶ್ನೆ ಎದ್ದರೆ ಅಪ್ಪ ಅವಸರದಿಂದ ಉತ್ತರ ಕೊಡದಿರುವುದೇ ಒಳ್ಳೆಯದು.

ಪಾಲಕರಿಗೆ ಇನ್ನೆರಡು ಮಾತು. ಯಾರ ಮಗನಿಗೆ ಎಷ್ಟು ಅಂಕ ಬಂತು ಎಂಬ ವಿಚಾರಣೆ ಗೆಳೆಯನ ಜಗುಲಿಯಲ್ಲಿ ಬೇಡ; ಎರಡೂ ಮನೆಯ ಮಕ್ಕಳು ಮುಖ ತಿರುಗಿಸುತ್ತಾರೆ. ‘ಇನ್ನೂ ಇಲ್ಲೇ ಇದ್ದೀಯೇನೋ?’ ಎಂದು ಊರಲ್ಲಿ ಉಳಿದವನನ್ನು ಕೇಳುವುದಂತೂ ಬೇಡವೇ ಬೇಡ. ಬೆಂಗಳೂರಿನ ಮಕ್ಕಳು ಅವನನ್ನು ‘ಅಂಕಲ್’ ಎನ್ನುತ್ತ ವ್ಯಾನು ಇಳಿದರೂ ಸಂಜೆಯ ಹೊತ್ತಿಗೆ ‘ಚಿಕ್ಕಪ್ಪ’ ಎನ್ನತೊಡಗಿರುತ್ತಾರೆ.

ಬೇಸಿಗೆಗಿಂತ ದಸರೆಯ ರಜೆ ಇದಕ್ಕೆ ವಾಸಿ. ಬಿಸಿಲು ಕಡಿಮೆ, ಮಳೆ ಚೆನ್ನಾಗಿ ಬಂದಿದ್ದರೆ ಹೊಂಡಗಳಲ್ಲೂ ಸಾಗರದಲ್ಲೂ ನೀರಿರುತ್ತದೆ. ಬರುವ ದಿನವನ್ನು ಒಂದು ವಾರ ಮೊದಲೇ ಫೋನಿನಲ್ಲಿ ತಿಳಿಸಿರಬೇಕು. ಗೆಳೆಯ ‘ಯಾಕೋ ತೊಂದರೆ ತಗೋತೀಯ, ಬಂದುಬಿಡು’ ಎಂದೇ ಅನ್ನುತ್ತಾನೆ. ಆದರೆ ಅಡುಗೆ ಮಾಡುವವರು ಅವನ ಮನೆಯಾಕೆ ತಾನೇ!