ಹೊಳಪು ಹೆಚ್ಚಿತು, ಹದ ತಪ್ಪಿತು: ಕೈ ಸಲಕರಣೆಗಳ ಇಂದಿನ ಸ್ಥಿತಿ

ಕೆಲವು ದಿನಗಳ ಹಿಂದೆ ಬಿಬವೇವಾಡಿಯ ನಮ್ಮ ಮನೆಯಲ್ಲಿ ಕಪಾಟಿನ ಬಾಗಿಲೊಂದು ಜೋತುಬಿತ್ತು. ಇಷ್ಟು ಸಣ್ಣ ಕೆಲಸಕ್ಕೆ ಬಡಿಗನನ್ನೇಕೆ ಕರೆಯಬೇಕೆಂದು ಸಮೀಪದ ಅಂಗಡಿಯಿಂದ ಥಳಥಳಿಸುವ ಹೊಸ ಸ್ಕ್ರೂ ಡ್ರೈವರ್ ಒಂದನ್ನು ಕೊಂಡು ತಂದೆ. ಮೂರನೆಯ ಸ್ಕ್ರೂ ಬಿಗಿಯುವಷ್ಟರಲ್ಲಿ ಅದರ ತುದಿ ತಿರುಚಿಕೊಂಡಿತು. ಸ್ಕ್ರೂವಿನ ತಲೆಯೂ ಸವೆದುಹೋಯಿತು. ಕೊನೆಗೆ ಬಡಿಗನನ್ನೇ ಕರೆಸಬೇಕಾಯಿತು. ವಿಜಯಪುರ ಜಿಲ್ಲೆಯಿಂದ ಬಂದು ಇಪ್ಪತ್ತು ವರ್ಷಗಳಿಂದ ಪುಣೆಯಲ್ಲಿ ದುಡಿಯುತ್ತಿರುವ ಆತ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ ನಕ್ಕುಬಿಟ್ಟ. "ಸಾಹೇಬ್ರ, ಇದರಾಗ ಬರೇ ಹೊಳಪು ಐತ್ರಿ, ಉಕ್ಕು ಇಲ್ಲ. ನಿಮಗ ಒಂದು ಹತಾರ ಹೋತು, ಅಷ್ಟ. ನಮ್ಮದು ಹಿಂಗಾದ್ರ ಅವತ್ತಿನ ಪಗಾರಾನ ಹೋಗತೈತಿ" ಎಂದ.

ಆತನ ಮಾತಿನಲ್ಲಿ ಇಂದಿನ ಆರ್ಥಿಕ ವ್ಯವಸ್ಥೆಯ ಒಂದು ಮುಖ್ಯ ಪ್ರಶ್ನೆ ಅಡಗಿದೆ. ಸಲಕರಣೆಯ ಗುಣಮಟ್ಟ ಕುಸಿದಾಗ ಅದರ ನಷ್ಟವನ್ನು ಹೊರುವವರು ಯಾರು?

ಮೊದಲಿಗೆ ಒಂದು ಎಚ್ಚರಿಕೆ ಅಗತ್ಯ. ನಮ್ಮ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ನನ್ನ ತಂದೆಯವರು ಹುಬ್ಬಳ್ಳಿಯಲ್ಲಿ ಕೊಂಡಿದ್ದ ಒಂದು ಇಕ್ಕಳವಿದೆ. ಅದು ಇಂದಿಗೂ ತಂತಿಯನ್ನು ಬೆಣ್ಣೆಯಂತೆ ಕತ್ತರಿಸುತ್ತದೆ. ಅದನ್ನು ಕಂಡಾಗಲೆಲ್ಲ ಹಿಂದಿನ ಕಾಲದ್ದೆಲ್ಲ ಉತ್ತಮವಾಗಿತ್ತೆಂದು ಹೇಳುವ ಆಸೆಯಾಗುತ್ತದೆ. ಆದರೆ ಆ ಕಾಲದ ಕಳಪೆ ಇಕ್ಕಳಗಳು ಎಂದೋ ಗುಜರಿ ಸೇರಿವೆ. ಉಳಿದದ್ದು ಒಳ್ಳೆಯದು ಮಾತ್ರ. ಆದ್ದರಿಂದ ಹಳೆಯದರ ಮೋಹವನ್ನು ಬದಿಗಿಟ್ಟು ವಿಷಯವನ್ನು ಪರಿಶೀಲಿಸುವುದು ಒಳಿತು.

ಸಲಕರಣೆಯ ಯೋಗ್ಯತೆ ನಿರ್ಧಾರವಾಗುವುದು ಮೂರು ಸಂಗತಿಗಳಿಂದ. ಒಂದು, ಉಕ್ಕಿನ ಜಾತಿ. ಎರಡು, ಕಾಯಿಸಿದ ಲೋಹವನ್ನು ಅಚ್ಚಿನಲ್ಲಿ ಬಡಿದು ರೂಪಿಸುವ ರೀತಿ. ಮೂರು, ಹದ ಕೊಡುವ ವಿಧಾನ. ಕೆಂಪಗೆ ಕಾಯಿಸಿ ಎಣ್ಣೆಗೋ ನೀರಿಗೋ ಅದ್ದಿದರೆ ಉಕ್ಕು ಗಡಸಾಗುತ್ತದೆ, ಆದರೆ ಗಾಜಿನಂತೆ ಒಡೆಯುವ ಸ್ವಭಾವವನ್ನೂ ಪಡೆಯುತ್ತದೆ. ಮತ್ತೆ ಮಿತವಾಗಿ ಕಾಯಿಸಿದಾಗಲೇ ಗಡಸುತನದೊಂದಿಗೆ ತಾಳುವ ಗುಣವೂ ಕೂಡಿಬರುತ್ತದೆ. ಈ ಮೂರರಲ್ಲಿ ಯಾವುದೂ ಕೊಳ್ಳುವವನ ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಮೇಲಿನ ಕ್ರೋಮ್ ಲೇಪ ಮತ್ತು ಬಣ್ಣದ ಹಿಡಿಕೆ. ಬೆಲೆ ಇಳಿಸಬೇಕೆಂಬ ಒತ್ತಡ ಬಂದಾಗ ತಯಾರಕನು ಕಾಣದ ಕಡೆಯಲ್ಲೇ ಕತ್ತರಿ ಆಡಿಸುತ್ತಾನೆ.

ಈ ಹದದ ವಿದ್ಯೆ ನಮಗೆ ಹೊಸದಲ್ಲ. ದಕ್ಷಿಣ ಭಾರತದ ಮೂಸೆಯ ಉಕ್ಕು ಒಮ್ಮೆ ಪಶ್ಚಿಮ ಏಷ್ಯಾದ ಕತ್ತಿಗಳಿಗೆ ಆಧಾರವಾಗಿತ್ತು. ಯುರೋಪಿನವರು ಅದನ್ನು 'ವೂಟ್ಜ್' ಎಂದು ಕರೆದರು. ಆ ಪದದ ಮೂಲ ನಮ್ಮ 'ಉಕ್ಕು' ಎಂಬುದೇ ಬಹುತೇಕ ವಿದ್ವಾಂಸರ ಅಭಿಪ್ರಾಯ. ಆಧುನಿಕ ಕಾಲದ ಉದಾಹರಣೆ ಪುಣೆಯ ಕನ್ನಡಿಗರಿಗೆ ಇನ್ನೂ ಹತ್ತಿರದ್ದು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಉದ್ಯಮ ಆರಂಭಿಸಿದರು. ಮುಂದೆ ಕಬ್ಬಿಣದ ನೇಗಿಲು ತಯಾರಿಸಿದರು. ಕಬ್ಬಿಣ ಮಣ್ಣಿಗೆ ವಿಷವೆಂದು ರೈತರು ಹಿಂಜರಿದಿದ್ದರಿಂದ ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷಗಳೇ ಬೇಕಾದವೆಂದು ಹೇಳುತ್ತಾರೆ. 1910ರಲ್ಲಿ ಔಂಧದ ಅರಸರ ನೆರವಿನಿಂದ ಕಿರ್ಲೋಸ್ಕರವಾಡಿ ಸ್ಥಾಪನೆಯಾಯಿತು. ಕೊಂಡವನ ಹೊಲದಲ್ಲಿ ವಸ್ತು ಬಾಳಿ ತೋರಿಸಬೇಕು ಎಂಬುದೇ ಆ ಕಾಲದ ವ್ಯಾಪಾರದ ತಳಹದಿಯಾಗಿತ್ತು.

ಸ್ವಾತಂತ್ರ್ಯಾನಂತರ ಜಲಂಧರ್, ಲುಧಿಯಾನ, ನಾಗೌರ್ ಮೊದಲಾದ ಊರುಗಳು ಕೈ ಸಲಕರಣೆಗಳ ಕೇಂದ್ರಗಳಾಗಿ ಬೆಳೆದವು. ನಮ್ಮ ನೆರೆಯ ನಾಸಿಕದಲ್ಲಿ ತಪಾರಿಯಾ ಸಂಸ್ಥೆ ಸ್ವೀಡನ್ನಿನ ತಾಂತ್ರಿಕ ಸಹಕಾರದಿಂದ ಇಕ್ಕಳ, ಪಾನಾಗಳ ತಯಾರಿಕೆಗೆ ತೊಡಗಿತು. 2001ರ ಏಪ್ರಿಲ್ 1ರಂದು ಭಾರತವು ಗ್ರಾಹಕ ವಸ್ತುಗಳ ಆಮದಿನ ಮೇಲೆ ಉಳಿದಿದ್ದ ಪ್ರಮಾಣ ನಿರ್ಬಂಧಗಳನ್ನು ತೆಗೆದುಹಾಕಿತು. ಅದೇ ವರ್ಷದ ಡಿಸೆಂಬರಿನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯತ್ವ ಪಡೆಯಿತು. ರವಿವಾರ ಪೇಠೆಯ ಬೋಹ್ರಿ ಆಳಿಯಿಂದ ಹಿಡಿದು ಬಡಾವಣೆಯ ಚಿಕ್ಕ ಅಂಗಡಿಯವರೆಗೆ ಅಗ್ಗದ ವಿದೇಶಿ ಸಲಕರಣೆಗಳು ತುಂಬಿಕೊಂಡದ್ದು ಅಲ್ಲಿಂದೀಚೆಗೆ.

ಇದು ನಮ್ಮ ದೇಶದ ಕಥೆಯಷ್ಟೇ ಅಲ್ಲ. ಅಮೆರಿಕದ ಸಿಯರ್ಸ್ ಕಂಪನಿಯು 1927ರಲ್ಲಿ ಆರಂಭಿಸಿದ 'ಕ್ರಾಫ್ಟ್ಸ್‌ಮನ್' ಸಲಕರಣೆಗಳು ಜೀವಿತಾವಧಿಯ ಭರವಸೆಗೆ ಹೆಸರಾಗಿದ್ದವು. ಕಾಲಕ್ರಮೇಣ ಅವುಗಳ ತಯಾರಿಕೆ ಬಹುಮಟ್ಟಿಗೆ ಏಷ್ಯಾಕ್ಕೆ ಸಾಗಿತು. 2017ರಲ್ಲಿ ಆ ಹೆಸರನ್ನು ಕೊಂಡ ಸ್ಟ್ಯಾನ್ಲಿ ಬ್ಲ್ಯಾಕ್ ಅಂಡ್ ಡೆಕ್ಕರ್ ಸಂಸ್ಥೆ ಟೆಕ್ಸಾಸಿನ ಫೋರ್ಟ್ ವರ್ತ್‌ನಲ್ಲಿ ಹೊಸ ಕಾರ್ಖಾನೆ ಕಟ್ಟುವುದಾಗಿ 2019ರಲ್ಲಿ ಸಾರಿತು. 2023ರಲ್ಲಿ ಅದನ್ನು ಮುಚ್ಚುವ ನಿರ್ಧಾರ ಪ್ರಕಟಿಸಿತು. ಒಮ್ಮೆ ಊರು ಬಿಟ್ಟ ಕಸುಬನ್ನು ಹಣ ಸುರಿದ ಮಾತ್ರಕ್ಕೆ ಮರಳಿ ಕರೆತರಲಾಗದು ಎಂಬ ಪಾಠ ಇದರಲ್ಲಿದೆ.

ಹಾಗೆಂದು ಚೀನಾದ ಕಾರ್ಮಿಕನಿಗೆ ಕೆಲಸ ಬಾರದೆಂದು ಹೇಳುವುದು ಅನ್ಯಾಯ. ಉತ್ಕೃಷ್ಟ ಸಲಕರಣೆಗಳೂ ಅಲ್ಲಿಂದ ಬರುತ್ತವೆ. ಆಮದುದಾರ ಎಷ್ಟು ಬೆಲೆ ಕೊಡುತ್ತಾನೋ ಅಂಥದನ್ನು ಮಾಡಿಕೊಡುತ್ತಾರೆ. ನಮ್ಮ ಜಲಂಧರದ ಸರಕು ಪಶ್ಚಿಮ ದೇಶಗಳಿಗೆ ಹೋದಾಗ ಅಲ್ಲಿಯ ಕಾರ್ಮಿಕನ ದೃಷ್ಟಿಯಲ್ಲಿ ನಾವೂ ಹೊರದೇಶದವರೇ ಅಲ್ಲವೇ? ದೋಷವಿರುವುದು ದೂರದಲ್ಲಿ. ತಯಾರಿಸುವವನಿಗೂ ಬಳಸುವವನಿಗೂ ನಡುವೆ ಸಾಗರದಷ್ಟು ಅಂತರ ಬಿದ್ದಾಗ ದೂರು ಹೇಳಲು ಬಾಗಿಲೇ ಇರುವುದಿಲ್ಲ. ಊರಿನ ಕಂಬಾರ ಮಾಡಿದ ಕುಡುಗೋಲು ಮೊಂಡಾದರೆ ರೈತ ಮರುದಿನವೇ ಕುಲುಮೆಯ ಮುಂದೆ ನಿಲ್ಲುತ್ತಿದ್ದ. ಇಂದು ಅಂಗಡಿಯವ "ಇದಕ್ಕೆ ಗ್ಯಾರಂಟಿ ಇಲ್ಲ" ಎಂದು ಮೊದಲೇ ಕೈತೊಳೆದುಕೊಳ್ಳುತ್ತಾನೆ.

ಬ್ಯಾಂಕಿನ ನೌಕರನಾಗಿ ನನಗೆ ತಿಳಿದ ಸರಳ ಲೆಕ್ಕವೊಂದಿದೆ. 300 ರೂ.ಗಳ ಇಕ್ಕಳ ಹತ್ತು ವರ್ಷ ಬಾಳಿದರೆ ವರ್ಷಕ್ಕೆ ತಗಲುವ ವೆಚ್ಚ 30 ರೂ. 100 ರೂ.ಗಳದ್ದನ್ನು ವರ್ಷಕ್ಕೆ ಎರಡು ಬಾರಿ ಬದಲಿಸಿದರೆ 200 ರೂ. ಈ ಲೆಕ್ಕ ಬಡಿಗನಿಗೂ ಗೊತ್ತು. ಆದರೆ ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅವನ ಜೇಬಿನಲ್ಲಿ 300 ರೂ. ಒಟ್ಟಿಗೆ ಇರುವುದಿಲ್ಲ. ಬಡವ ಅಗ್ಗದ್ದನ್ನು ಕೊಳ್ಳುವುದು ಅಜ್ಞಾನದಿಂದಲ್ಲ, ಅನಿವಾರ್ಯದಿಂದ. ಗರಗಸದ ವಿಷಯವನ್ನೇ ನೋಡಿ. ಹಿಂದಿನ ಗರಗಸದ ಹಲ್ಲನ್ನು ಅರದಿಂದ ಉಜ್ಜಿ ವರ್ಷಗಟ್ಟಲೆ ಬಳಸುತ್ತಿದ್ದರು. ಹಲ್ಲಿಗೆ ಮಾತ್ರ ವಿಶೇಷ ಗಡಸುತನ ಕೊಟ್ಟ ಈಗಿನ ಗರಗಸಗಳು ಬಹುಕಾಲ ಹರಿತವಾಗಿರುವುದು ನಿಜ. ಆದರೆ ಒಮ್ಮೆ ಮೊಂಡಾದರೆ ಅರ ಹಿಡಿಯುವುದಿಲ್ಲ, ಎಸೆಯುವುದೊಂದೇ ದಾರಿ. ಗರಗಸದೊಂದಿಗೆ ಅದನ್ನು ಹರಿತಗೊಳಿಸುವ ವಿದ್ಯೆಯೂ ಕಸದ ಬುಟ್ಟಿ ಸೇರುತ್ತಿದೆ.

ಸರ್ಕಾರ ಈ ಕ್ಷೇತ್ರವನ್ನು ಗಮನಿಸಿಲ್ಲವೆಂದಲ್ಲ. ನೀತಿ ಆಯೋಗವು 2025ರ ಏಪ್ರಿಲಿನಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಚೀನಾದ ಕೈ ಸಲಕರಣೆಗಳ ರಫ್ತು ಸುಮಾರು 1,300 ಕೋಟಿ ಡಾಲರ್. ಭಾರತದ್ದು ಸುಮಾರು 60 ಕೋಟಿ ಡಾಲರ್, ಅಂದರೆ ಜಾಗತಿಕ ವ್ಯಾಪಾರದ ಶೇ. 1.8 ಮಾತ್ರ. ಚೀನಾಕ್ಕೆ ಹೋಲಿಸಿದರೆ ನಮ್ಮ ತಯಾರಕರಿಗೆ ಶೇ. 14ರಿಂದ 17ರಷ್ಟು ಹೆಚ್ಚು ವೆಚ್ಚ ತಗಲುತ್ತದೆಂದೂ, ಉಕ್ಕಿನ ದುಬಾರಿ ಬೆಲೆ ಅದಕ್ಕೊಂದು ಕಾರಣವೆಂದೂ ವರದಿ ಹೇಳುತ್ತದೆ. ರಫ್ತು ಬೆಳೆಯಲಿ. ಆದರೆ ದೇಶದೊಳಗಿನ ಬಡಿಗ, ಗವಂಡಿ, ಕಂಬಾರರ ಕೈಗೆ ಯಾವ ಸಲಕರಣೆ ಬರುತ್ತದೆ ಎಂಬ ಪ್ರಶ್ನೆ ಅದಕ್ಕಿಂತ ಚಿಕ್ಕದಲ್ಲ.

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆ 18 ಕಸುಬುಗಳನ್ನು ಒಳಗೊಂಡಿದೆ. ಸುತ್ತಿಗೆ ಮತ್ತು ಸಲಕರಣೆ ತಯಾರಿಸುವವರೂ ಅದರಲ್ಲಿ ಸೇರಿದ್ದಾರೆ ಎಂಬುದು ಸಂತೋಷದ ಸಂಗತಿ. ಸಲಕರಣೆಗಾಗಿ 15,000 ರೂ.ಗಳವರೆಗೆ ನೆರವು, ಶೇ. 5ರ ಬಡ್ಡಿಯಲ್ಲಿ ಎರಡು ಕಂತುಗಳಲ್ಲಿ ಒಟ್ಟು 3 ಲಕ್ಷ ರೂ.ಗಳವರೆಗೆ ಜಾಮೀನಿಲ್ಲದ ಸಾಲ ಇದರ ಮುಖ್ಯಾಂಶಗಳು. ಈ 15,000 ರೂ.ಗಳಿಗೆ ಬರುವ ಪೆಟ್ಟಿಗೆಯಲ್ಲಿ ಹದವಾದ ಉಕ್ಕಿದ್ದರೆ ಒಂದು ಕುಟುಂಬಕ್ಕೆ ಹತ್ತು ವರ್ಷಗಳ ಅನ್ನ. ಬರೀ ಹೊಳಪಿದ್ದರೆ ಸಾರ್ವಜನಿಕರ ಹಣ ಆರು ತಿಂಗಳಲ್ಲಿ ಗುಜರಿಗೆ. ಆದ್ದರಿಂದ ಭಾರತೀಯ ಮಾನಕ ಬ್ಯೂರೋದ ಗುರುತುಳ್ಳ ಸಲಕರಣೆಗಳಿಗೇ ಇಂಥ ನೆರವು ಸಲ್ಲಬೇಕು. ಅದೇ ಕಸುಬಿನ ಅನುಭವಿಗಳು ಮೊದಲು ಬಳಸಿ ನೋಡಿ ಒಪ್ಪಬೇಕು.

ಇನ್ನು ನಮ್ಮ ಪಾಲಿನ ಕರ್ತವ್ಯ. ಮನೆಗೆ ಸಲಕರಣೆ ಕೊಳ್ಳುವಾಗ ತಯಾರಕರ ಹೆಸರು, ಗುಣಮಟ್ಟದ ಗುರುತು, ಬದಲಿ ಕೊಡುವ ಭರವಸೆ ಇವುಗಳನ್ನು ಕೇಳಿ ತಿಳಿಯೋಣ. ಮನೆಗೆಲಸಕ್ಕೆ ಬರುವ ಬಡಿಗ ಒಳ್ಳೆಯ ಹತಾರ ಕೊಳ್ಳಲು ಮುಂಗಡ ಕೇಳಿದರೆ ಹುಬ್ಬು ಗಂಟಿಕ್ಕದಿರೋಣ. ಅಂದು ಬಂದಿದ್ದ ಬಡಿಗ ಕಪಾಟಿನ ಬಾಗಿಲನ್ನು ಸರಿಪಡಿಸಿದ್ದು ತನ್ನ ಗುರುವಿನಿಂದ ಬಂದ ಹಳೆಯ ಉಳಿ ಹಾಗೂ ಹಿಡಿಕೆ ಬದಲಿಸಿದ ತಿರುಪುಳಿಯಿಂದ. ಹೊರಡುವಾಗ ಅವುಗಳನ್ನು ಒರೆಸಿ, ಎಣ್ಣೆ ಸವರಿದ ಬಟ್ಟೆಯಲ್ಲಿ ಸುತ್ತಿಟ್ಟುಕೊಂಡ. ಅವನ ಮಗ ಈಗ ಅದೇ ಕಸುಬು ಕಲಿಯುತ್ತಿದ್ದಾನಂತೆ. ಆ ಹುಡುಗನಿಗೂ ಅಂಥದೇ ಉಳಿ ಅಂಗಡಿಯಲ್ಲಿ ದೊರೆಯುವಂತಾಗಲಿ.