“ಸಂಜಿ ಆರಕ್ಕ ನಾ ಎಲ್ಲಿ ಕುಂದರ್ಲಿ?”

ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಪೇಟೆ. ಟೆಂಡರು, ತೂಕ ಎಲ್ಲ ಮುಗಿದು ಹಮಾಲರ ಕೈಗೆ ರೊಕ್ಕ ಬರುವ ಹೊತ್ತಿಗೆ ಸಂಜೆ. ಅಂಥ ಒಂದು ಗುರುವಾರ, ಕುಡಿತ ಬಿಟ್ಟು 41 ದಿನವಾಗಿದ್ದ ನನ್ನ ಸೋದರಮಾವ ಮತ್ತೆ ಕುಡಿದು ಬಂದ. ಅತ್ತೆ ಅಳಲೂ ಇಲ್ಲ, ಬೈಯಲೂ ಇಲ್ಲ. ಬಾಯಿಗೆ ಬಂದಂತೆ ಬೈದವನು ನಾನು. ಮಾವ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡು, “ಬಿಡು ಬಿಡು ಅಂದ್ರಿ, ಬಿಟ್ಟೆ. ಸಂಜಿ ಆರರಿಂದ ಒಂಬತ್ತರ ತನಕಾ ನಾ ಎಲ್ಲಿ ಕುಂದರ್ಲಿ? ಅದನ್ನೊಂದು ಹೇಳಪಾ ಅಳಿಯಾ” ಎಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಮೂರೂ ಒಂದೇ ರೈಲು ಹಾದಿಯ ಊರುಗಳು. ಮೂರರಲ್ಲಿ ಎಲ್ಲಿ ಇಳಿದರೂ ಬಾರಿನ ದಾರಿ ಯಾರನ್ನೂ ಕೇಳಬೇಕಾಗಿಲ್ಲ, ಬೋರ್ಡು ಕತ್ತಲಲ್ಲೂ ಹೊಳೆಯುತ್ತದೆ. ಒಳಗೆ ಕುರ್ಚಿ ಇದೆ, ಫ್ಯಾನಿದೆ, “ಬಾರಪಾ” ಎನ್ನುವ ನಾಲ್ಕು ಮಂದಿ ಇದ್ದಾರೆ. ಕುಡಿತ ಬಿಟ್ಟವನು ಬಾಟಲಿಯ ಜೊತೆ ಆ ಕುರ್ಚಿಯನ್ನೂ ಬಿಟ್ಟು ಬಂದಿರುತ್ತಾನೆ. ಅದರ ಬದಲಿಗೆ ಊರು ಅವನಿಗೆ ಕೊಡುವುದೇನು? ಬುದ್ಧಿಮಾತು.

ಬುದ್ಧಿಮಾತಿಗೆ ನಮ್ಮ ಕಡೆ ಎಂದೂ ಬರ ಬಿದ್ದಿಲ್ಲ. ಮಾವ ದೇವರಗುಡ್ಡದ ಮಾಲತೇಶನ ಭಂಡಾರ ಮುಟ್ಟಿ ಆಣೆ ಮಾಡಿದ್ದ, ಅವ್ವನ ತಲೆ ಮುಟ್ಟಿಯೂ ಮಾಡಿದ್ದ. ಆಣೆ ಮುರಿದಾಗ ಕುಡಿತದ ಜೊತೆ ಪಾಪವೂ ಹೆಗಲೇರಿತು. ಆ ಪಾಪ ಮರೆಯಲು ಮತ್ತೊಂದು ಕ್ವಾರ್ಟರ್. ಇಳಕಲ್ಲಿನ ಮಹಾಂತ ಸ್ವಾಮಿಗಳು ಮನೆಮನೆಗೆ ಜೋಳಿಗೆ ಹಿಡಿದು ಹೋಗಿ, ನಿಮ್ಮ ಚಟ ಇದರಲ್ಲಿ ಹಾಕಿ ಎಂದು ಬೇಡಿದವರು. ಅದು ಸಣ್ಣ ಕೆಲಸವಲ್ಲ. ಸರ್ಕಾರ ಅವರ ಜನ್ಮದಿನವಾದ ಆಗಸ್ಟ್ 1ನ್ನು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಜಾಥಾ, ಪ್ರತಿಜ್ಞೆ, ಭಾಷಣ. ಆಗಸ್ಟ್ 2ರ ಸಂಜೆ ಎಲ್ಲಿ ಕೂಡಬೇಕೆಂದು ಆ ಭಾಷಣಗಳಲ್ಲಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ವೈನ್‌ಶಾಪಿನ ಬಾಟಲಿ ಬರುವುದು ಅದೇ ಸರ್ಕಾರದ ಪಾನೀಯ ನಿಗಮದಿಂದ, ಎಂಎಸ್‌ಐಎಲ್ ಮಳಿಗೆಯೂ ಸರ್ಕಾರದ್ದೇ. ಪಾನನಿಷೇಧಕ್ಕೆ ಯತ್ನಿಸಿರೆಂದು ಹೇಳುವ ಸಂವಿಧಾನದ 47ನೇ ವಿಧಿ ಪರೀಕ್ಷೆಯ ಪ್ರಶ್ನೆಯಾಗಿ ಉಳಿದಿದೆ.

ಧರ್ಮಸ್ಥಳದವರ ಮದ್ಯವರ್ಜನ ಶಿಬಿರಗಳ ಬಗ್ಗೆ ಏನೇ ತಕರಾರಿರಲಿ, ಒಂದು ವಿಷಯ ಅವರಿಗೆ ಅರ್ಥವಾಗಿದೆ: ಶಿಬಿರ ಮುಗಿದ ಮೇಲೆ ಬಿಟ್ಟವರೆಲ್ಲ ಮತ್ತೆ ಮತ್ತೆ ಒಟ್ಟಿಗೆ ಕೂಡಬೇಕು. ಅದಕ್ಕೇ ಅಲ್ಲಿ ನವಜೀವನ ಸಮಿತಿಗಳಿವೆ.

ಈ ಕೂಡುವಿಕೆಯ ಹಳೆಯ ಕಥೆ 1935ರದು. ಅಮೆರಿಕದ ಏಕ್ರನ್ ಊರಿನ ಹೋಟೆಲೊಂದರಲ್ಲಿ, ವ್ಯವಹಾರ ಕೆಟ್ಟು ಒಬ್ಬನೇ ನಿಂತಿದ್ದ ಬಿಲ್ ವಿಲ್ಸನ್‌ಗೆ ಒಂದು ಕಡೆ ಬಾರು, ಇನ್ನೊಂದು ಕಡೆ ಟೆಲಿಫೋನು. ಆತ ಊರಿನ ಪಾದ್ರಿಗಳಿಗೆ ಫೋನು ಹಚ್ಚಿ, ತನ್ನಂಥ ಇನ್ನೊಬ್ಬ ಕುಡುಕನನ್ನು ಹುಡುಕಿಕೊಡಿ ಎಂದು ಕೇಳಿದ. ಹೀಗೆ ಸಿಕ್ಕವನು ಡಾಕ್ಟರ್ ಬಾಬ್ ಸ್ಮಿತ್. ಎ.ಎ. ಎಂದು ಕರೆಯುವ ಆಲ್ಕೋಹಾಲಿಕ್ಸ್ ಅನಾನಿಮಸ್ ಹುಟ್ಟಿದ್ದು ಈ ಹುಡುಕಾಟದಿಂದ. 1957ರಲ್ಲಿ ಭಾರತಕ್ಕೂ ಬಂತು. ಫೀ ಇಲ್ಲ, ರಿಜಿಸ್ಟರ್ ಇಲ್ಲ, ಬಿಡಬೇಕೆಂಬ ಆಸೆ ಇದ್ದರೆ ಸಾಕು. ದೇವರ ಹೆಸರು ಬರುತ್ತದೆಂದು ಮೂಗು ಮುರಿಯುವ ಗೆಳೆಯರು 2020ರ ಕಾಕ್ರೇನ್ ವಿಮರ್ಶೆ ನೋಡಲಿ. 27 ಅಧ್ಯಯನಗಳನ್ನು ಒರೆಗೆ ಹಚ್ಚಿದ ಅದು, ಪೂರ್ತಿ ಬಿಟ್ಟೇ ಇರುವ ವಿಷಯದಲ್ಲಿ ಈ ದಾರಿ ಬೇರೆ ಚಿಕಿತ್ಸೆಗಳಿಗೆ ಕಡಿಮೆಯಲ್ಲ, ಹಲವು ಸಲ ಮೇಲು ಎಂದಿದೆ. (ಬಹಳ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಮೊದಲು ವೈದ್ಯರು, ಆಮೇಲೆ ಸಭೆ.)

ಇಂಥದೊಂದು ಸಭೆ ಎಲ್ಲಿದೆ ಎಂದು ಕೇಳಲು ಮಾವನನ್ನು ಕರೆದುಕೊಂಡು ಒಂದು ಆಸ್ಪತ್ರೆಗೆ ಹೋದೆ. ಕೌಂಟರಿನಾತ ಸಾಲಿನವರಿಗೆಲ್ಲ ಕೇಳುವಂತೆ, “ಯಾರಿಗ್ರೀ? ಕುಡುಕರ ಮೀಟಿಂಗಾ?” ಎಂದ. ಸಾಲಿನ ತಲೆಗಳೆಲ್ಲ ತಿರುಗಿದವು. ಮಾವ ಆಗಲೇ ಗೇಟು ದಾಟಿದ್ದ. 14446ಕ್ಕೆ ಫೋನು ಮಾಡಿದರೆ ಮಾತಾಡುವವರು ಸಿಗುತ್ತಾರೆ, ಸರಿ. ಆದರೆ ಫೋನು ಕುರ್ಚಿಯಲ್ಲ. ಕೊನೆಗೆ ದಾರಿ ತೋರಿಸಿದವನು ಒಬ್ಬ ಬಸ್ ಕಂಡಕ್ಟರ್. ಬಿಟ್ಟು ಹನ್ನೊಂದು ವರ್ಷವಾಯಿತೆಂದು ಟಿಕೆಟು ಹರಿಯುತ್ತಲೇ ಮಾವನ ಕಿವಿಯಲ್ಲಿ ಹೇಳಿದನಂತೆ.

ಅನಾಮಧೇಯರಾಗಿರಬೇಕಾದವರು ಬರುವ ಜನ. ಬಾಗಿಲು ಯಾಕೆ ಅನಾಮಧೇಯವಾಗಬೇಕು? ಬಸ್‌ಸ್ಟ್ಯಾಂಡಿನ ಗೋಡೆಗೆ ಮೂಲವ್ಯಾಧಿಯ ಔಷಧಿ, ವಶೀಕರಣದ ಫೋನ್ ನಂಬರು ಹಚ್ಚಬಹುದು. ಇಂಥ ವಾರ, ಇಂಥ ಹೊತ್ತು, ಇಂಥ ಕೋಣೆ ಎಂಬ ಒಂದು ಚೀಟಿಗೆ ಮಾತ್ರ ಜಾಗವಿಲ್ಲವೇ? ಕಾಲೇಜು, ಗ್ರಂಥಾಲಯ, ಔಷಧಿ ಅಂಗಡಿ, ಯಾವುದರ ನೋಟಿಸ್ ಬೋರ್ಡಾದರೂ ಸಾಕು.

ಸಾಹಿತ್ಯದ ನಾವೂ ಕಡಿಮೆಯವರಲ್ಲ. ಕುಡಿಯದ ರಾಜರತ್ನಂ ಸೃಷ್ಟಿಸಿದ ಕುಡುಕ ರತ್ನನನ್ನು ವೇದಿಕೆ ಮೇಲೆ ಹಾಡಿ ಚಪ್ಪಾಳೆ ಗಿಟ್ಟಿಸುತ್ತೇವೆ. ಕವಿಗೋಷ್ಠಿ ಮುಗಿದ ಮೇಲಿನ ‘ಗುಂಡು ಗೋಷ್ಠಿ’ಯ ಕಥೆಗಳನ್ನು ರಸವತ್ತಾಗಿ ಹೇಳುತ್ತೇವೆ. ಆ ಗೋಷ್ಠಿಯಿಂದ ಎದ್ದು ಹೋದ ಗೆಳೆಯನನ್ನು “ಏನೋ, ಸನ್ಯಾಸಿ ಆದೆಯಾ?” ಎಂದು ಕಿಚಾಯಿಸಿದವರಲ್ಲಿ ನಾನೂ ಒಬ್ಬ.

ಮಾವ ಈಗ ವಾರಕ್ಕೊಮ್ಮೆ ರೈಲು ಹತ್ತಿ ದೂರದ ಊರಿನ ಸಭೆಗೆ ಹೋಗುತ್ತಾನೆ, ಅಂದಿನ ಹಮಾಲಿ ಕಳೆದುಕೊಂಡು. ಕಂಡಕ್ಟರ್ ಮತ್ತು ಆತ ಸೇರಿ ಬ್ಯಾಡಗಿಯಲ್ಲೇ ಒಂದು ಸಭೆ ಶುರು ಮಾಡೋಣ ಎಂದರು. ಒಂದು ಶಾಲೆಯ ಕೋಣೆ ಕೇಳಲು ಮೂವರೂ ಹೋದೆವು. ಹೆಡ್‌ಮಾಸ್ತರರು ಒಳ್ಳೆಯವರು, ಚಹಾ ತರಿಸಿದರು, ಕೀಲಿಯನ್ನೂ ಮೇಜಿನ ಮೇಲೆ ತೆಗೆದಿಟ್ಟರು. “ಯಾರ್ ಯಾರ್ ಬರ್ತಾರ, ಹೆಸರು ಬರದು ಸಹಿ ಮಾಡಿ ಕೊಡ್ರಿ” ಎಂದರು. ಹೆಸರು ಕೊಡಲಿಕ್ಕಾಗುವುದಿಲ್ಲರೀ ಎಂದ ಮಾವ. ಕೀಲಿ ಇನ್ನೂ ಅವರ ಮೇಜಿನ ಮೇಲೇ ಇದೆ.